ಪ್ರಸ್ತುತಿ ತೃಪ್ತಿಕರವಲ್ಲ

ಅರ್ಜಿಗಳ ಕಟ್ಟು ನಮ್ಮ ವಿಭಾಗಕ್ಕೆ ಬಂದ ಮರುದಿನವೇ ಸಿಂಡಿಕೇಟ್ ಸದಸ್ಯರೊಬ್ಬರು ನನ್ನ ಕೋಣೆಗೆ ಬಂದರು. ಸರ್ಕಾರದಿಂದ ನಾಮನಿರ್ದೇಶನಗೊಂಡವರು, ನೇಮಕಾತಿಯ ಆಯ್ಕೆ ಸಮಿತಿಯಲ್ಲೂ ಇದ್ದವರು. ಅಲ್ಲಿಯವರೆಗೆ ಒಮ್ಮೆಯೂ ಅರ್ಥಶಾಸ್ತ್ರ ವಿಭಾಗದ ಮೆಟ್ಟಿಲು ಹತ್ತಿದವರಲ್ಲ. ಕುರ್ಚಿ ಎಳೆದುಕೊಂಡು ಕೂತು, ಕಿಟಕಿಯಾಚೆ ಕಾಣುವ ಮಾಕಳಿದುರ್ಗದ ಬೆಟ್ಟವನ್ನು ನೋಡಿ, ಗಾಳಿ ಚೆನ್ನಾಗಿದೆ ಎಂದರು. ಆಮೇಲೆ ನನ್ನ ಊರು ಯಾವುದೆಂದು ಕೇಳಿದರು.

“ಸಮೇತನಹಳ್ಳಿ,” ಎಂದೆ.

“ಅಯ್ಯೋ, ನಮ್ಮತ್ತಿಗೆ ತವರು ಆ ಕಡೇನೇ. ಹಂಗಾದ್ರೆ ನೀವು ನಮಗೆ ಅಕ್ಕ ಆಗ್ಬೇಕು,” ಎಂದು ನಕ್ಕರು. “ಅಕ್ಕಾ, ತಪ್ಪು ತಿಳ್ಕೋಬೇಡಿ. ಅರ್ಜಿ ಹಾಕಿರೋರಲ್ಲಿ ಯಾರ್ಯಾರು ಯಾವ ಕಡೆಯೋರು?”

“ಒಬ್ಬರು ಇಲ್ಲೇ ನಮ್ಮ ಜಿಲ್ಲೆ ವಿಜಯಪುರ, ಒಬ್ಬರು ದೊಡ್ಡಬಳ್ಳಾಪುರ. ಮಿಕ್ಕೋರು ಹೊರಗಿನ ಜಿಲ್ಲೆಯವರು.”

“ನಾನು ಊರು ಕೇಳ್ಲಿಲ್ಲಕ್ಕಾ.”

ನಾನು ಕಾಫಿ ತರಿಸಿದೆ. ಅವರೂ ಒತ್ತಾಯ ಮಾಡಲಿಲ್ಲ. ಕಾಫಿ ಕುಡಿದು ಎದ್ದು ಹೋದರು. ಹೋಗುವಾಗ ಬಾಗಿಲ ಹತ್ತಿರ ನಿಂತು, “ಆ ವಿಜಯಪುರದ ಹೆಣ್ಣುಮಗಳ ವಿಡಿಯೋ ನೋಡಿದ್ದೀರಾ? ರೈತರ ವೇದಿಕೆ ಮೇಲೆ ಏನು ಮಾತು ಅಂತೀರಿ!” ಎಂದರು. ಮೆಚ್ಚುಗೆಯ ದನಿಯಲ್ಲೇ ಹೇಳಿದ್ದರಿಂದ ನನಗೆ ಇನ್ನಷ್ಟು ಗುಮಾನಿಯಾಯಿತು.

ಇದ್ದದ್ದು ಒಂದೇ ಹುದ್ದೆ, ಸಹಾಯಕ ಪ್ರಾಧ್ಯಾಪಕರದು. ಎಷ್ಟೋ ವರ್ಷದಿಂದ ಅತಿಥಿ ಉಪನ್ಯಾಸಕರನ್ನು ಇಟ್ಟುಕೊಂಡು ದಿನ ದೂಡುತ್ತಿದ್ದ ವಿಭಾಗ ನಮ್ಮದು. ಈಗ ಬರುವವರು ನಿವೃತ್ತಿಯವರೆಗೂ ಇರುತ್ತಾರೆ. ಪಠ್ಯ, ಸಂಶೋಧನಾ ವಿದ್ಯಾರ್ಥಿಗಳು ಎಲ್ಲ ಅವರ ಕೈಯಲ್ಲೇ. ನಾನು ಇನ್ನು ಸ್ವಲ್ಪ ಕಾಲದಲ್ಲಿ ಮನೆಗೆ ಹೋಗುವವಳು. ವಿಭಾಗದ ಮುಖ್ಯಸ್ಥೆಯಾಗಿ ಸಮಿತಿಯಲ್ಲಿ ಕೂರುವ ಸರದಿ ನನ್ನದಾಗಿದ್ದರಿಂದ, ಬೇಡ ಎಂದು ತಪ್ಪಿಸಿಕೊಳ್ಳುವಂತಿರಲಿಲ್ಲ.

ಅರ್ಜಿಗಳ ಪರಿಶೀಲನೆ ಮೊದಲ ಹಂತ. ಪದವಿ, ಪಿಎಚ್.ಡಿ., ಅರ್ಹತಾ ಪರೀಕ್ಷೆ, ಪ್ರಕಟವಾದ ಲೇಖನ, ಪಾಠ ಮಾಡಿದ ಅನುಭವ, ಇಷ್ಟನ್ನೂ ಮೂಲ ದಾಖಲೆಯೊಂದಿಗೆ ತಾಳೆ ನೋಡಬೇಕು. ಯಾರೇ ಎಷ್ಟೇ ಶ್ರದ್ಧೆಯಿಂದ ನೋಡಿದರೂ ಎದ್ದು ಕಾಣುವಂತಿದ್ದವು ಎರಡೇ ಅರ್ಜಿಗಳು. ಒಂದು ಆ ವಿಜಯಪುರದ ತರುಣಿಯದು. ರೇಷ್ಮೆ ನೂಲು ತೆಗೆಯುವ ಮನೆತನದವಳು. ಭೂಸ್ವಾಧೀನದ ಪರಿಹಾರ ಮನೆಗೆ ಬಂದಾಗ ಅದರಲ್ಲಿ ಹೆಣ್ಣುಮಕ್ಕಳ ಪಾಲು ಏನಾಗುತ್ತದೆ ಎಂಬುದರ ಮೇಲೆ ಪ್ರಬಂಧ ಬರೆದಿದ್ದಳು. ಅದನ್ನು ಓದುತ್ತಾ ಕೂತ ನನಗೆ ಮಧ್ಯಾಹ್ನದ ಊಟ ಮರೆತೇ ಹೋಗಿತ್ತು. ಇನ್ನೊಂದು ದೊಡ್ಡಬಳ್ಳಾಪುರದ ಯುವಕನದು, ನೇಕಾರರ ಮನೆಯ ಹುಡುಗ. ದಾಖಲೆಗಳೆಲ್ಲ ಗಟ್ಟಿ, ಆದರೆ ಬರವಣಿಗೆ ಸಾಧಾರಣ. ಅಧಿಕಾರದಲ್ಲಿರುವ ಪಕ್ಷದ ಶಾಲು ಹೊದ್ದು ಮುಖಂಡರ ಪಕ್ಕ ನಿಂತ ಅವನ ಫೋಟೋ ಅಷ್ಟರಲ್ಲೇ ವಿಭಾಗದಲ್ಲೆಲ್ಲ ಓಡಾಡಿತ್ತು. ಯಾರೋ ನನ್ನ ಫೋನಿಗೂ ಕಳಿಸಿದ್ದರು, ನಂಬರು ನನಗೆ ಗೊತ್ತಿಲ್ಲದ್ದು.

ಪರಿಶೀಲನೆ ಮುಗಿಯುವ ಹೊತ್ತಿಗೆ ಆಡಳಿತ ಕಚೇರಿಯಿಂದ ಒಂದು ಆಕ್ಷೇಪ ಬಂತು. ತರುಣಿಯ ಅನುಭವ ಪತ್ರಕ್ಕೆ ಕಾಲೇಜು ಶಿಕ್ಷಣ ಇಲಾಖೆಯ ಮೇಲುರುಜು ಇಲ್ಲ, ಆದ್ದರಿಂದ ಅರ್ಜಿ ತಿರಸ್ಕಾರಕ್ಕೆ ಯೋಗ್ಯ ಎಂದು. ನಿಯಮದ ಪ್ರಕಾರ ಮಾತು ಸರಿಯೇ. ನಾನು ಯುವಕನ ಕಡತವನ್ನೂ ತೆಗೆದು ನೋಡಿದೆ. ಅವನ ಪತ್ರಕ್ಕೂ ಮೇಲುರುಜು ಇರಲಿಲ್ಲ. ಅದರ ಬಗ್ಗೆ ಯಾರೂ ತುಟಿ ಬಿಚ್ಚಿರಲಿಲ್ಲ.

ಎರಡೂ ಕಡತಗಳನ್ನು ಎತ್ತಿಕೊಂಡು ಕುಲಪತಿಗಳ ಬಳಿ ಹೋದೆ. “ಸರ್, ತೆಗೆಯೋದಾದ್ರೆ ಇಬ್ಬರನ್ನೂ ತೆಗೀರಿ. ಇಲ್ಲಾಂದ್ರೆ ಇಬ್ಬರಿಗೂ ಟೈಮ್ ಕೊಡಿ, ರುಜು ಹಾಕಿಸ್ಕೊಂಡು ಬರ್ಲಿ,” ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. ಹಿಂದಿನ ಒಂದು ನೇಮಕಾತಿ ಕೋರ್ಟಿನ ಮೆಟ್ಟಿಲೇರಿ ಅವರ ನಿದ್ದೆ ಕೆಡಿಸಿತ್ತು. “ಟೈಮ್ ಕೊಡಿ ಮೇಡಂ,” ಎಂದರು. ನ್ಯಾಯಕ್ಕೆ ಹೇಳಿದ ಮಾತಲ್ಲ, ಹೆದರಿಕೆಗೆ ಹೇಳಿದ್ದು. ನನಗೆ ಆಗ ಅದೇ ಸಾಕಾಗಿತ್ತು. ಇಬ್ಬರೂ ಗಡುವಿನೊಳಗೆ ರುಜು ಹಾಕಿಸಿಕೊಂಡು ಬಂದರು.

ಆ ವಾರವೇ ಇನ್ನೊಂದು ಕಡೆಯಿಂದ ಫೋನು ಬಂತು. ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ಗೆಳತಿ. ಈಗ ಬೆಂಗಳೂರಿನಲ್ಲಿ ಹೆಸರು ಮಾಡಿದ ಪ್ರಾಧ್ಯಾಪಕಿ. ಹೊರಗಿನ ವಿಷಯ ತಜ್ಞರಿಗಾಗಿ ವಿಭಾಗ ಕಳಿಸಿದ್ದ ಹೆಸರುಗಳಲ್ಲಿ ಅವಳದೂ ಇತ್ತು, ಕುಲಪತಿಗಳು ಅವಳನ್ನೇ ಆರಿಸಿದ್ದರು. ಸರ್ಕಾರದ ವಿರುದ್ಧ ಪತ್ರಿಕೆಗಳಲ್ಲಿ ಬರೆಯುವವಳನ್ನು ಅವರು ಯಾಕೆ ಆರಿಸಿದರೆಂದು ನಾನು ಮೊದಲೇ ತಲೆ ಕೆಡಿಸಿಕೊಂಡಿದ್ದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಸಿಂಡಿಕೇಟ್ ಸದಸ್ಯರಿದ್ದಾರೆ, ಇನ್ನೊಂದರಲ್ಲಿ ಇವಳಿರಲಿ ಎಂದೇ ಇರಬೇಕು.

“ಆ ಶಾಲು ಹಾಕ್ಕೊಂಡಿರೋನ್ನ ಒಳಗೆ ಬಿಡ್ಬೇಡ ಕಣೇ,” ಎಂದಳು. “ಒಬ್ಬ ಬಂದ ಅಂದ್ರೆ ಹಿಂದೇನೇ ನಾಲ್ಕು ಜನ ಬರ್ತಾರೆ. ಆಮೇಲೆ ಡಿಪಾರ್ಟ್‌ಮೆಂಟ್ ನಿನ್ನದಾಗಿರಲ್ಲ.”

“ಅವನ ಅರ್ಜಿ ನೋಡಿದ್ಯಾ?”

“ಫೋಟೋ ನೋಡಿದೀನಲ್ಲ, ಸಾಲ್ದಾ? ಇಂಟರ್‌ವ್ಯೂನಲ್ಲಿ ನಾನು ಒಂದೆರಡು ಪ್ರಶ್ನೆ ಹಾಕ್ತೀನಿ. ತಾನಾಗೇ ಬಾಯಿಬಿಡ್ತಾನೆ. ನೀನು ಸುಮ್ನೆ ಇದ್ರೆ ಸಾಕು.”

ಫೋನ್ ಇಟ್ಟು ಯುವಕನ ಅರ್ಜಿಯನ್ನು ಮತ್ತೆ ತೆರೆದೆ. ಸಿಂಡಿಕೇಟ್ ಸದಸ್ಯರು ಕೇಳಿದ್ದಕ್ಕೂ ಇವಳು ಹೇಳಿದ್ದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಅವರ ಮಾತಿಗೆ ಸಿಟ್ಟು ಬಂದಿತ್ತು, ಇವಳ ಮಾತಿಗೆ ಬಂದಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿದ್ದು.

ದಾಖಲೆಗೆ ಸಿಗುವ ಅಂಕಗಳನ್ನು ಯಾರೂ ಅಲುಗಾಡಿಸಲಾರರು. ಆಟ ನಡೆಯುವುದೆಲ್ಲ ಮಾದರಿ ಪಾಠದಲ್ಲಿ ಮತ್ತು ಸಂದರ್ಶನದಲ್ಲಿ. ನಮ್ಮಲ್ಲಿ ಮಾದರಿ ಪಾಠವೆಂದರೆ ಸಮಿತಿಯ ಕೋಣೆಯಲ್ಲೇ, ಚಹಾ ಕುಡಿಯುತ್ತಾ ಕೂತ ಸದಸ್ಯರೆದುರು ಐದು ನಿಮಿಷ ಮಾತಾಡುವುದು ಎಂದಾಗಿತ್ತು. ನಾನು ಕುಲಪತಿಗಳಿಗೆ ಒಂದು ಟಿಪ್ಪಣಿ ಬರೆದೆ. ಪಾಠ ನಿಜವಾದ ತರಗತಿಯಲ್ಲಿ, ವಿದ್ಯಾರ್ಥಿಗಳ ಮುಂದೆ ನಡೆಯಲಿ. ವಿಷಯವನ್ನು ಅಭ್ಯರ್ಥಿಗಳು ಅಲ್ಲೇ ಚೀಟಿ ಎತ್ತಿ ಆರಿಸಿಕೊಳ್ಳಲಿ. ಸಂದರ್ಶನದಲ್ಲಿ ಎಲ್ಲರಿಗೂ ಅವೇ ಪ್ರಶ್ನೆಗಳಿರಲಿ. ಸದಸ್ಯರು ಪರಸ್ಪರ ಮಾತಾಡುವ ಮೊದಲೇ ಅಂಕ ಬರೆದು ಲಕೋಟೆ ಅಂಟಿಸಲಿ. ಅರ್ಧಕ್ಕಿಂತ ಕಡಿಮೆ ಅಂಕ ಕೊಟ್ಟವರು ಕಾರಣವನ್ನೂ ಬರೆಯಲಿ.

ಜಗಳವಾದೀತು ಎಂದುಕೊಂಡಿದ್ದೆ. ಆಗಲಿಲ್ಲ. ಕೋರ್ಟಿಗೆ ತೋರಿಸಲು ಅನುಕೂಲವಾಗುತ್ತದೆಂದು ಕುಲಪತಿಗಳು ಒಪ್ಪಿದರು. ಸಿಂಡಿಕೇಟ್ ಸದಸ್ಯರು, “ಒಳ್ಳೇ ಕೆಲಸ ಅಕ್ಕಾ, ಹಿಂಗೇ ಆಗ್ಬೇಕು,” ಎಂದರು. ಇಷ್ಟು ಸಲೀಸಾಗಿ ಒಪ್ಪಿದ್ದೇಕೆ? ಪ್ರಶ್ನೆಗಳನ್ನು ಮೊದಲೇ ತಿಳಿದುಕೊಳ್ಳುವ ದಾರಿ ಇದೆ ಎಂದೇ? ಎರಡು ದಿನ ಬಿಟ್ಟು ಕಚೇರಿಯ ಅಧೀಕ್ಷಕರು, ಕರೆದರೂ ಬಾರದ ಮನುಷ್ಯ, ತಾವಾಗಿಯೇ ನನ್ನ ಕೋಣೆಗೆ ಬಂದು, “ಮೇಡಂ, ಪ್ರಶ್ನೆ ಏನಾದ್ರೂ ಟೈಪ್ ಮಾಡ್ಸೋದಿದ್ರೆ ಕೊಡಿ, ನಾನೇ ಕೂತು ಮಾಡ್ತೀನಿ,” ಎಂದರು.

“ಟೈಪ್ ಮಾಡ್ಸೋದು ಏನೂ ಇಲ್ಲ,” ಎಂದೆ. ನಿಜವಾಗಿಯೂ ಇರಲಿಲ್ಲ. ಪ್ರಶ್ನೆಗಳನ್ನು ಸಂದರ್ಶನದ ಬೆಳಿಗ್ಗೆ, ಎಲ್ಲರೂ ಮೇಜಿನ ಸುತ್ತ ಕೂತ ಮೇಲೆ, ಅಲ್ಲೇ ಬರೆಯಿಸಬೇಕೆಂದು ನಿರ್ಧರಿಸಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ, ಗೆಳತಿಗೂ.

ಆ ಬೆಳಿಗ್ಗೆ ಹಾಗೇ ಮಾಡಿದೆವು. ಕುಲಪತಿಗಳು, ಸಿಂಡಿಕೇಟ್ ಸದಸ್ಯರು, ನನ್ನ ಗೆಳತಿ, ಮೈಸೂರು ಕಡೆಯಿಂದ ಬಂದಿದ್ದ ಇನ್ನೊಬ್ಬ ಹಿರಿಯ ತಜ್ಞರು, ನಾನು. ಎಲ್ಲರ ಫೋನುಗಳೂ ಒಂದು ಟ್ರೇಯಲ್ಲಿ. ಒಬ್ಬೊಬ್ಬರೂ ಎರಡೆರಡು ಪ್ರಶ್ನೆ ಬರೆದು ಮಡಚಿ ಸ್ಟೀಲ್ ಡಬ್ಬಿಗೆ ಹಾಕಿದರು. ಹಿರಿಯ ತಜ್ಞರು ಅದರಲ್ಲಿ ಕೆಲವನ್ನು ಎತ್ತಿದರು. ಎಲ್ಲವೂ ವಿಷಯಕ್ಕೆ ಸಂಬಂಧಿಸಿದವೇ. ಗೆಳತಿ ನನ್ನತ್ತ ಒಮ್ಮೆ ನೋಡಿ, ಇದೇನು ನಿನ್ನ ಹೊಸ ವರಸೆ ಎಂಬಂತೆ ಹುಬ್ಬು ಹಾರಿಸಿದಳು.

ಮೊದಲು ಪಾಠಗಳು. ನಮ್ಮ ಬಿ.ಎ. ಕೊನೆಯ ವರ್ಷದ ಮಕ್ಕಳನ್ನು ಕೂರಿಸಿದ್ದೆವು. ಹಿಂದಿನ ಬೆಂಚಿನಲ್ಲಿ ನಾವು. ವಿಜಯಪುರದ ತರುಣಿಗೆ ಬಂದ ಚೀಟಿ ಹಣದುಬ್ಬರದ್ದು. ಅವಳು ಬೋರ್ಡಿನತ್ತ ನಡೆದಾಗ ನನ್ನ ಮನಸ್ಸು ಅವಳ ಜೊತೆಗೇ ಹೋಯಿತು. ಅವಳಿಗೆ ಗೊತ್ತಿಲ್ಲದ್ದು ಅದರಲ್ಲಿ ಏನೂ ಇರಲಿಲ್ಲ. ಆದರೆ ಮಾತು ಶುರುವಾಗುತ್ತಿದ್ದಂತೆ ಅವಳ ಕಣ್ಣು ಮಕ್ಕಳನ್ನು ಬಿಟ್ಟು ನಮ್ಮ ಬೆಂಚಿಗೆ ಬಂದು ನಿಂತಿತು. ವ್ಯಾಖ್ಯೆಗಳು ಒಂದರ ಹಿಂದೆ ಒಂದು ಬಂದವು, ಎಲ್ಲವೂ ಸರಿಯಾದವು. ಮಕ್ಕಳು ತಲೆ ತಗ್ಗಿಸಿ ಬರೆದುಕೊಂಡರು. ಒಬ್ಬ ಹುಡುಗಿ ಅರ್ಧ ಎತ್ತಿದ ಕೈಯನ್ನು ಹಾಗೇ ಇಳಿಸಿಕೊಂಡಳು. ತರುಣಿ ಅದನ್ನು ನೋಡಲಿಲ್ಲ. ಅವಳು ಪರೀಕ್ಷೆ ಕೊಡುತ್ತಿದ್ದಳು, ಪಾಠ ಮಾಡುತ್ತಿರಲಿಲ್ಲ.

ಆಮೇಲೆ ದೊಡ್ಡಬಳ್ಳಾಪುರದ ಯುವಕ. ಸಿಂಡಿಕೇಟ್ ಸದಸ್ಯರು ಅವನು ಬಂದಾಗಿನಿಂದ ಅವನ ಕಡೆ ತಿರುಗಿಯೂ ನೋಡಿರಲಿಲ್ಲ. ಗೊತ್ತಿಲ್ಲದವರನ್ನು ಯಾರೂ ಅಷ್ಟು ಪ್ರಯತ್ನಪಟ್ಟು ನೋಡದೆ ಇರುವುದಿಲ್ಲ. ಅವನಿಗೆ ಬಂದ ಚೀಟಿ ಉತ್ಪಾದನಾ ವೆಚ್ಚ. ಅವನೇ ಕೈ ಹಾಕಿ ಎತ್ತಿದ್ದ, ಡಬ್ಬಿ ನನ್ನ ಕೈಯಲ್ಲೇ ಇತ್ತು. ಆದರೂ ಒಂದು ಕ್ಷಣ, ಇದರಲ್ಲೂ ಏನಾದರೂ ನಡೆದಿದೆಯೇ ಎಂದು ಡಬ್ಬಿಯಲ್ಲಿ ಉಳಿದ ಚೀಟಿಗಳನ್ನು ಬಿಡಿಸಿ ನೋಡಿದೆ. ಎಲ್ಲವೂ ಬೇರೆ ಬೇರೆ ವಿಷಯಗಳೇ.

ಅವನು ಸೀಮೆಸುಣ್ಣ ತೆಗೆದುಕೊಂಡು ಮಕ್ಕಳ ಕಡೆ ತಿರುಗಿ, “ನಿಮ್ಮಲ್ಲಿ ಯಾರ ಮನೇಲಿ ಮಗ್ಗ ಇದೆ?” ಎಂದ. ಐದಾರು ಕೈಗಳು ಎದ್ದವು. “ನಿನ್ನೆ ಕರೆಂಟ್ ಹೋಗಿತ್ತಲ್ಲ, ಮಗ್ಗ ನಿಂತ ಹೊತ್ತಲ್ಲಿ ಯಾವ ಖರ್ಚು ನಿಂತಿತು, ಯಾವ ಖರ್ಚು ನಿಲ್ಲಲಿಲ್ಲ?” ಮಕ್ಕಳೇ ಹೇಳಿದರು. ನೂಲು, ಕೂಲಿ, ಕರೆಂಟು ನಿಂತವು. ಶೆಡ್ಡಿನ ಬಾಡಿಗೆ ನಿಲ್ಲಲಿಲ್ಲ. ಅವನು ಬೋರ್ಡಿನ ಮೇಲೆ ಎರಡು ಕಂಬಸಾಲು ಎಳೆದು ಮೊದಲನೆಯದಕ್ಕೆ ಬದಲಾಗುವ ವೆಚ್ಚ, ಎರಡನೆಯದಕ್ಕೆ ಸ್ಥಿರ ವೆಚ್ಚ ಎಂದು ಹೆಸರು ಬರೆದ.

ತರುಣಿಯ ಪಾಠದಲ್ಲಿ ಕೈ ಇಳಿಸಿಕೊಂಡಿದ್ದ ಹುಡುಗಿಯೇ ಈಗ ಎದ್ದು ನಿಂತಳು. “ಸರ್, ನಮ್ಮಪ್ಪ ಲಾಸು ಲಾಸು ಅಂತಾನೇ ಇರ್ತಾರೆ, ಮತ್ತೆ ಮಗ್ಗ ಯಾಕೆ ನಿಲ್ಸಲ್ಲ?”

ಅವನು ನಗಲಿಲ್ಲ. “ಒಳ್ಳೇ ಪ್ರಶ್ನೆ. ಸೀರೆ ಮಾರಿದ ದುಡ್ಡಲ್ಲಿ ನೂಲು, ಕೂಲಿ, ಕರೆಂಟಿನ ಖರ್ಚು ಹುಟ್ಟಿ ಬಾಡಿಗೆಗೆ ಸ್ವಲ್ಪನಾದ್ರೂ ಮಿಕ್ಕುತ್ತೆ ಅಂದ್ರೆ, ಓಡಿಸಿದ್ರೆ ಕಡಿಮೆ ಲಾಸು, ನಿಲ್ಸಿದ್ರೆ ಪೂರ್ತಿ ಲಾಸು. ನೂಲಿನ ದುಡ್ಡೂ ಹುಟ್ಟಲ್ಲ ಅನ್ನೋ ದಿನ ನಿಲ್ಸಬೇಕು. ನಿಮ್ಮಪ್ಪಂಗೆ ಆ ಲೆಕ್ಕ ಬರುತ್ತಮ್ಮ, ಹೆಸರು ಗೊತ್ತಿಲ್ಲ ಅಷ್ಟೇ.” ಮುಚ್ಚುವ ಬಿಂದು ಎಂದು ಆ ಹೆಸರನ್ನೂ ಬೋರ್ಡಿನ ಮೇಲೆ ಬರೆದ. ಹುಡುಗಿ ಕೂತುಕೊಂಡು ಪಕ್ಕದವಳಿಗೆ ಅದನ್ನು ಮತ್ತೆ ವಿವರಿಸುತ್ತಿದ್ದಳು.

ನಾನು ಬೇರೆ ಏನನ್ನಾದರೂ ನೋಡಬೇಕೆಂದು ಬಯಸಿದ್ದೆನೋ ಏನೋ. ಕಂಡದ್ದು ಇದು.

ಸಂದರ್ಶನದಲ್ಲಿ ತರುಣಿ ಮೇಲುಗೈ ಸಾಧಿಸಿದಳು. ಪ್ರಶ್ನೆಗಳಿಗೆ ಅವಳ ಉತ್ತರ ಆಳವಾಗಿತ್ತು, ಮಾತಿನಲ್ಲಿ ಹೆದರಿಕೆಯಿರಲಿಲ್ಲ. ಕೊನೆಗೆ ಸಿಂಡಿಕೇಟ್ ಸದಸ್ಯರು ಮೇಜಿನ ಮೇಲೆ ಮುಂದಕ್ಕೆ ಬಾಗಿ, “ಅಲ್ಲಮ್ಮಾ, ಆ ರೈತರ ವೇದಿಕೆ ಮೇಲೆ ಸರ್ಕಾರಕ್ಕೆ ಬೈದ್ರಲ್ಲ, ಇಲ್ಲಿ ಸಂಬಳ ಕೊಡೋದು ಯಾರು ಅಂತ ಗೊತ್ತಾ?” ಎಂದರು.

“ಸರ್, ಆ ಪ್ರಶ್ನೆ ಚೀಟಿಯಲ್ಲಿಲ್ಲ,” ಎಂದೆ.

“ಸುಮ್ನೆ ಕೇಳ್ದೆ ಅಕ್ಕಾ.”

“ಸುಮ್ನೇನೂ ಕೇಳೋ ಹಾಗಿಲ್ಲ.”

ಅವರು ಹಿಂದಕ್ಕೆ ಒರಗಿದರು. ಗೆಳತಿಯ ಮುಖದಲ್ಲಿ ನಗು ಮೂಡಿತು. ಅದು ನನಗೆ ಹಿತವಾಗಬೇಕಿತ್ತು, ಆಗಲಿಲ್ಲ. ಮುಂದೆ ಬರುವುದು ಏನೆಂದು ನನಗೆ ಗೊತ್ತಿತ್ತು.

ಯುವಕ ಬಂದ. ಚೀಟಿಯ ಪ್ರಶ್ನೆಗಳಿಗೆ ಉತ್ತರ ಹೇಳಿದ. ಒಂದೆರಡಕ್ಕೆ, “ಇದು ನನಗೆ ಗೊತ್ತಿಲ್ಲ ಸರ್, ಓದಬೇಕು,” ಎಂದ. ಮುಗಿಯಿತು ಎನ್ನುವಾಗ ಗೆಳತಿ ತನ್ನ ಮೆಲ್ಲಗಿನ ದನಿಯಲ್ಲಿ, “ನಿಮ್ಮದೊಂದು ಫೋಟೋ ನೋಡಿದೆ. ಶಾಲು ಚೆನ್ನಾಗಿ ಒಪ್ಪುತ್ತೆ ನಿಮಗೆ. ಕ್ಲಾಸಿಗೂ ಅದನ್ನೇ ಹೊದ್ದು ಬರ್ತೀರಾ?” ಎಂದಳು.

ಯುವಕನ ಕಿವಿ ಕೆಂಪಾಯಿತು. ಕುಲಪತಿಗಳು ಕಾಗದ ನೋಡುತ್ತಿದ್ದರು. ಸುಮ್ಮನಿದ್ದರೆ ಸಾಕು ಎಂದು ಅವಳು ಫೋನಿನಲ್ಲಿ ಹೇಳಿದ್ದಳು. ನಾನು ಸುಮ್ಮನಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಸಿಂಡಿಕೇಟ್ ಸದಸ್ಯರು ಮಾತ್ರ ನನ್ನನ್ನೇ ನೋಡುತ್ತಿದ್ದರು.

“ಮೇಡಂ, ಇದೂ ಚೀಟಿಯಲ್ಲಿಲ್ಲ,” ಎಂದೆ. ನಲವತ್ತು ವರ್ಷಗಳ ಸಲಿಗೆಯಲ್ಲಿ ನಾನು ಅವಳನ್ನು ಮೇಡಂ ಎಂದು ಕರೆದದ್ದು ಅದೇ ಮೊದಲು. ಅವಳು ಪೆನ್ನಿನ ಮುಚ್ಚಳ ಹಾಕಿ ಅದನ್ನು ಮೇಜಿನ ಮೇಲೆ ನೇರವಾಗಿ ಇಟ್ಟಳು. ಆಮೇಲೆ ಸಂಜೆಯವರೆಗೂ ನನ್ನತ್ತ ನೋಡಲಿಲ್ಲ.

ಅಂಕ ಬರೆಯುವ ಹೊತ್ತು. ನನ್ನ ಮುಂದೆ ಖಾಲಿ ಹಾಳೆ. ಸಂದರ್ಶನಕ್ಕೆ ತರುಣಿಗೆ ಹೆಚ್ಚು ಕೊಟ್ಟೆ, ಅದರಲ್ಲಿ ಯೋಚಿಸುವುದೇನೂ ಇರಲಿಲ್ಲ. ಪಾಠದ ಕಾಲಮಿಗೆ ಬಂದಾಗ ಕೈ ನಿಂತಿತು. ಅವಳ ಪ್ರಬಂಧ ನೆನಪಾಯಿತು. ಅವನ ಬೆನ್ನಿಗೆ ಯಾರಿದ್ದಾರೋ ಎಂಬುದೂ ನೆನಪಾಯಿತು. ಅವನಿಗೆ ಸ್ವಲ್ಪ, ಬಹಳ ಸ್ವಲ್ಪ ಕಡಿಮೆ ಮಾಡಿದರೆ ಯಾರು ಕೇಳುತ್ತಾರೆ? ಲಕೋಟೆಯ ನಿಯಮ ಮಾಡಿದವಳು ನಾನೇ. ಅದು ಬೇರೆಯವರ ಬಾಯಿ ಕಟ್ಟುತ್ತಿತ್ತು, ನನ್ನ ಕೈಯನ್ನಲ್ಲ. ಆ ಹುಡುಗಿ ಎದ್ದು ನಿಂತು ಪ್ರಶ್ನೆ ಕೇಳಿದ್ದು ಕಣ್ಣ ಮುಂದೆಯೇ ಇತ್ತು. ನೋಡಿದ್ದಕ್ಕೆ ತಕ್ಕಂತೆ ಬರೆದು ಲಕೋಟೆ ಅಂಟಿಸಿದೆ.

ಲಕೋಟೆಗಳನ್ನು ಒಡೆದಾಗ ಹೀಗಿತ್ತು. ಸಿಂಡಿಕೇಟ್ ಸದಸ್ಯರು ತರುಣಿಗೆ ಪಾಠದಲ್ಲಿ ತಳಮಟ್ಟದ ಅಂಕ ಕೊಟ್ಟಿದ್ದರು. ಗೆಳತಿ ಯುವಕನಿಗೆ ಅಷ್ಟನ್ನೇ ಕೊಟ್ಟಿದ್ದಳು. ನಿಯಮದಂತೆ ಇಬ್ಬರೂ ಕಾರಣ ಬರೆದಿದ್ದರು. ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡಿದ್ದಿಲ್ಲ, ಆದರೂ ಎರಡರಲ್ಲೂ ಒಂದೇ ವಾಕ್ಯ: ಪ್ರಸ್ತುತಿ ತೃಪ್ತಿಕರವಲ್ಲ. ಒಂದನ್ನೊಂದು ಹೊಡೆದುಹಾಕಿ ಅವು ಲೆಕ್ಕದಿಂದ ಹೊರಗೆ ಹೋದಂತಾದವು. ಕುಲಪತಿಗಳು ಇಬ್ಬರಿಗೂ ಸಮ ಸಮ ಹಾಕಿ ಕೈ ತೊಳೆದುಕೊಂಡಿದ್ದರು. ಹಿರಿಯ ತಜ್ಞರಲ್ಲಿ ತರುಣಿ ಕೂದಲೆಳೆಯಷ್ಟು ಮುಂದಿದ್ದಳು. ದಾಖಲೆಯ ಅಂಕಗಳಲ್ಲಿ ಇಬ್ಬರೂ ಸಮವಿದ್ದುದರಿಂದ ಕೊನೆಗೆ ಉಳಿದದ್ದು ನನ್ನ ಹಾಳೆ. ಅದರಲ್ಲಿ ಸಂದರ್ಶನದ ಅಂತರಕ್ಕಿಂತ ಪಾಠದ ಅಂತರ ದೊಡ್ಡದಿತ್ತು, ಅದು ಕೂಡಿದಾಗ ಯುವಕ ಗೆದ್ದ.

ಸಹಿಗಳಾದವು. ಸಿಂಡಿಕೇಟ್ ಸದಸ್ಯರು ಹೊರಗೆ ಬಂದು, “ಅಕ್ಕಾ, ಕೊನೇಗೆ ನಮ್ಮ ಮಾತು ಉಳಿಸಿದ್ರಿ,” ಎಂದರು. ನಿಮ್ಮ ಮಾತಲ್ಲ ಎಂದು ನಾನು ಹೇಳುವಷ್ಟರಲ್ಲಿ ಕಾರು ಹತ್ತಿದ್ದರು. ಗೆಳತಿ ತನ್ನ ಚೀಲ ಹೆಗಲಿಗೇರಿಸಿಕೊಂಡು ಬಂದು ಎದುರು ನಿಂತಳು.

“ನೀನು ಯಾವಾಗಿಂದ ಆ ಕಡೆ?”

“ಪಾಠ ನೀನೂ ನೋಡಿದ್ಯಲ್ಲೇ.”

“ನೋಡಿದೆ. ಹುಡುಗ ಜಾಣ. ಅದಕ್ಕೇ ಹೆದರಿಕೆ,” ಎಂದಳು. ಅಷ್ಟು ಹೇಳಿ ಹೋದವಳು ಮತ್ತೆ ಫೋನ್ ಮಾಡಿಲ್ಲ. ನಾನು ಮಾಡಿದಾಗ ಎತ್ತಿಲ್ಲ.

ಕೆಲವು ವಾರಗಳ ಮೇಲೆ ವಿಜಯಪುರದ ತರುಣಿ ನನ್ನನ್ನು ಹುಡುಕಿಕೊಂಡು ಬಂದಳು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಸಮಿತಿಯ ಷರಾಗಳನ್ನು ಪಡೆದಿದ್ದಳು. ಎರಡು ಬಸ್ಸು ಬದಲಾಯಿಸಿ ಬಂದ ದಣಿವು ಮುಖದಲ್ಲಿತ್ತು. ನೀರು ಕೊಟ್ಟೆ, ಕುಡಿಯಲಿಲ್ಲ.

“ಮೇಡಂ, ನನಗೆ ಎಲ್ಲಿ ಕಡಿಮೆ ಆಯ್ತು? ನೀವಾದ್ರೂ ನಿಜ ಹೇಳಿ.”

“ಪಾಠದಲ್ಲಮ್ಮ. ನಿಮಗೆ ಎಲ್ಲ ಗೊತ್ತಿತ್ತು. ಆದ್ರೆ ನೀವು ನಮಗೆ ಹೇಳಿದ್ರಿ, ಮಕ್ಕಳಿಗೆ ಹೇಳಲಿಲ್ಲ.”

ಅವಳು ತನ್ನ ಕೈಯಲ್ಲಿದ್ದ ಹಾಳೆಯನ್ನು ನನ್ನತ್ತ ತಿರುಗಿಸಿದಳು. “ಇಲ್ಲೂ ಹಂಗೇ ಬರೆದಿದಾರೆ ಮೇಡಂ. ಇದನ್ನ ಬರೆದಿರೋರು ಯಾರು ಅಂತ ನನಗೆ ಗೊತ್ತು. ಯಾಕೆ ಬರೆದ್ರು ಅಂತಾನೂ ಗೊತ್ತು. ಈಗ ನೀವೂ ಅದನ್ನೇ ಅಂತೀರಿ.”

ಅವರು ಸುಳ್ಳಿಗೆ ಬರೆದದ್ದು, ನಾನು ನಿಜಕ್ಕೆ ಹೇಳುತ್ತಿದ್ದದ್ದು, ಎರಡೂ ಒಂದೇ ಮಾತಾಗಿದ್ದವು. ಬೇರೆ ಯಾವ ಮಾತಿನಿಂದಲೂ ಅವಳಿಗೆ ಅದನ್ನು ಬಿಡಿಸಿ ತೋರಿಸಲು ನನಗೆ ಆಗಲಿಲ್ಲ. ನಿಮ್ಮ ಪ್ರಬಂಧ ಪುಸ್ತಕವಾಗಬೇಕು ಎಂದೆ. ಅವಳು ಹಾಳೆ ಮಡಚಿಕೊಂಡು, “ಬರ್ತೀನಿ ಮೇಡಂ,” ಎಂದು ಎದ್ದಳು. ನಂಬಿಲ್ಲ ಎಂಬುದನ್ನು ಮರೆಮಾಚುವ ಪ್ರಯತ್ನವನ್ನೂ ಅವಳು ಮಾಡಲಿಲ್ಲ.

ಯುವಕ ಕೆಲಸಕ್ಕೆ ಹಾಜರಾದ ದಿನ ಬೆಳಿಗ್ಗೆಯೇ ನನ್ನ ಕೋಣೆಗೆ ಬಂದು ಕೈ ಮುಗಿದ. “ನಿಮ್ಮ ಉಪಕಾರ ಮರೆಯಲ್ಲ ಮೇಡಂ. ನಮ್ಮೂರಲ್ಲಿ ಒಬ್ರು ಅಣ್ಣ ಇದಾರೆ, ಪಕ್ಷದೋರು. ಅವರು ಮೇಲಿಂದ ಹೇಳ್ಸಿದ್ರಂತೆ, ನೀವು ನಡೆಸಿಕೊಟ್ರಂತೆ. ನೀವು ನಮ್ಮೋರು ಅಂತ ನನಗೆ ಗೊತ್ತೇ ಇರ್ಲಿಲ್ಲ.”

“ಕೂತ್ಕೊಳ್ಳಿ,” ಎಂದೆ. “ನನಗೆ ಯಾರೂ ಹೇಳ್ಸಿಲ್ಲ. ನಾನು ಯಾರ ಕಡೆಯೋಳೂ ಅಲ್ಲ. ನಿಮ್ಮ ಪಾಠ ಚೆನ್ನಾಗಿತ್ತು, ಅದಕ್ಕೆ ಆಯ್ತು.”

ಅವನು ಕೂತ. “ಪಾಠಕ್ಕೇನಾ?” ಎಂದ.

“ಪಾಠಕ್ಕೇ.”

“ಆ ಹುಡುಗಿ ಮಗ್ಗ ಯಾಕೆ ನಿಲ್ಸಲ್ಲ ಅಂತ ಕೇಳಿದ್ಲಲ್ಲ ಮೇಡಂ, ಅದಕ್ಕೆ ಹೇಳಿದ್ದು ಸರಿ ಇತ್ತಾ?”

“ಅದಕ್ಕಿಂತ ಚೆನ್ನಾಗಿ ನಾನು ಹೇಳ್ತಿರಲಿಲ್ಲ.”

ಅವನ ಮುಖ ಅರಳಿದ್ದನ್ನು ನಾನು ಕಂಡೆ. ಆ ಕ್ಷಣದಲ್ಲಿ ಅವನು ತೀರಾ ಚಿಕ್ಕವನಂತೆ ಕಂಡ. ನಂತರ ಏನೋ ನೆನಪಾದವನಂತೆ ಬಾಗಿಲ ಕಡೆ ತಿರುಗಿ ನೋಡಿ ದನಿ ತಗ್ಗಿಸಿದ.

“ಮೇಡಂ, ಒಂದು ವಿನಂತಿ. ಇದನ್ನ ಹೊರಗೆಲ್ಲೂ ಹೇಳ್ಬೇಡಿ. ನನ್ನಿಂದಾನೇ ಆಯ್ತು ಅಂತ ಅಣ್ಣ ಊರಿಗೆಲ್ಲ ಹೇಳಿದಾರೆ. ಭಾನುವಾರ ಸನ್ಮಾನ ಬೇರೆ ಇಟ್ಕೊಂಡಿದಾರೆ. ನಮ್ಮ ತಂಗಿ ಅವರ ಸ್ಕೂಲಲ್ಲೇ ಟೀಚರಾಗಿರೋದು.”

“ಹೇಳಲ್ಲ,” ಎಂದೆ.

ವೇಳಾಪಟ್ಟಿ ಕೊಟ್ಟೆ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು, ತನ್ನ ತರಗತಿ ಯಾವ ಕೋಣೆಯಲ್ಲೆಂದು ಕೇಳಿ ತಿಳಿದುಕೊಂಡು ಹೊರಗೆ ಹೋದ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಕಾರಿಡಾರಿನಲ್ಲಿ ಅವನು ಫೋನಿನಲ್ಲಿ ಮಾತಾಡುವುದು ಕೇಳಿಸಿತು.

“ಅಣ್ಣಾ, ಜಾಯಿನ್ ಆದೆ ಅಣ್ಣಾ. ಎಲ್ಲಾ ನಿಮ್ಮಿಂದಾನೇ.”